ಕಾಣದ ನಕ್ಷತ್ರಗಳು ಹೇಳಿದ ದೂರ

ಊರದೀಪಗಳಿಂದ ದೂರ ಹೋದರೆ ನಾವು ಬರಿಗಣ್ಣಿನಿಂದಲೇ ನೋಡಬಹುದಾದ ನೆರೆಯ ಗೆಲಾಕ್ಸಿ ದೇವಯಾನಿ. ಪಾಶ್ಚಾತ್ಯರಿಗೆ ಅದು ಆಂಡ್ರೊಮಿಡಾ. ಅದೆಷ್ಟು ದೂರದಲ್ಲಿದೆ? ಈ ಪ್ರಶ್ನೆಗೆ ಉತ್ತರ ಹುಡುಕಿದ ಕಥೆಯಲ್ಲಿ ಕಂಡ ನಕ್ಷತ್ರಗಳಷ್ಟೇ ಪಾಲು ಕಾಣದ ನಕ್ಷತ್ರಗಳಿಗೂ ಇದೆ.

ಸೆಫೀಡ್ ಎಂಬ ನಕ್ಷತ್ರಗಳು ಉಸಿರಾಡುವಂತೆ ಹಿಗ್ಗಿ ಕುಗ್ಗುತ್ತ, ಬೆಳಗಿ ಮಸುಕಾಗುತ್ತವೆ. ಮಿಡಿತ ನಿಧಾನವಾದಷ್ಟೂ ನಕ್ಷತ್ರದ ನಿಜವಾದ ಪ್ರಕಾಶ ಹೆಚ್ಚು ಎಂದು 1912ರಲ್ಲಿ ತೋರಿಸಿದವರು ಹೆನ್ರಿಯೆಟಾ ಲೆವಿಟ್. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿಯಲ್ಲಿ ಒಂದು ಸೆಫೀಡನ್ನು ಗುರುತಿಸಿ, ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದರು. ಆದರೆ ಇದೇ ಅಳತೆಗೋಲಿನಿಂದ ಲೆಕ್ಕ ಹಾಕಿದಾಗ ವಿಶ್ವದ ವಯಸ್ಸು ಸುಮಾರು 200 ಕೋಟಿ ವರ್ಷವಷ್ಟೇ ಬಂತು. ಭೂಮಿಯ ಬಂಡೆಗಳೇ ಅದಕ್ಕಿಂತ ಹಳೆಯವು! ತಾಯಿಗಿಂತ ಮಗಳು ಹಿರಿಯಳಾದ ಹಾಗಾಯಿತು.

ಇಲ್ಲಿ ವಾಲ್ಟರ್ ಬಾಡೆ ಬರುತ್ತಾರೆ. ಜರ್ಮನಿಯಲ್ಲಿ ಹುಟ್ಟಿ, 1931ರಲ್ಲಿ ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯ ಸೇರಿದವರು. ಅಮೆರಿಕದ ಪೌರತ್ವ ಪಡೆದಿರಲಿಲ್ಲವಾಗಿ, ಯುದ್ಧ ಬಂದೊಡನೆ ಶತ್ರುದೇಶದ ಪ್ರಜೆಯಾದರು. ಪರದೇಶದಲ್ಲಿ ಮನೆ ಕಟ್ಟಿಕೊಂಡ ನಮಗೆ, ಒಂದು ಕಾಗದ ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಸಹೋದ್ಯೋಗಿಗಳು ಯುದ್ಧದ ಕೆಲಸಕ್ಕೆ ಹೋದರು. ಬಾಡೆಯವರಿಗೆ 100 ಇಂಚಿನ ದೂರದರ್ಶಕವೂ, ದೀಪ ಮರೆಸಿದ ಲಾಸ್ ಏಂಜಲೀಸಿನ ಕತ್ತಲೆಯೂ ದಕ್ಕಿದವು. ದೇವಯಾನಿಯ ನಡುಭಾಗದ ಮಸುಕು ಬಿಡಿ ಬಿಡಿ ಕೆಂಪು ನಕ್ಷತ್ರಗಳಾಗಿ ಕಂಡಿತು. ನಕ್ಷತ್ರಗಳಲ್ಲಿ ಹಳೆಯ ಮತ್ತು ಹೊಸ ಎಂಬ ಎರಡು ಪೀಳಿಗೆಗಳಿವೆಯೆಂದು 1944ರಲ್ಲಿ ಅವರು ಸಾರಿದರು.

ಯುದ್ಧಾನಂತರ ಪಾಲೊಮಾರ್ ಬೆಟ್ಟದ 200 ಇಂಚಿನ ದೂರದರ್ಶಕ ಸಿದ್ಧವಾಯಿತು. ಆಗ ಅವರು ಹುಡುಕಿದ್ದು ಆರ್‌ಆರ್ ಲೈರೆ ನಕ್ಷತ್ರಗಳನ್ನು. ಇವು ಹಳೆಯ ಪೀಳಿಗೆಯವು, ಸೆಫೀಡ್‌ಗಳಿಗಿಂತ ಮಂದ, ಒಂದು ದಿನದೊಳಗೇ ಮಿಡಿದು ಮುಗಿಸುವಂಥವು. ಹಬಲ್ ಹೇಳಿದ ದೂರ ಸರಿಯಿದ್ದರೆ ಅವು ಛಾಯಾಫಲಕದಲ್ಲಿ ಮೂಡಲೇಬೇಕು. ಮೂಡಲಿಲ್ಲ. ದೂರದರ್ಶಕದ ದೋಷವೇ? ಅಲ್ಲ, ಅವಕ್ಕಿಂತ ಸುಮಾರು ನಾಲ್ಕು ಪಟ್ಟು ಪ್ರಕಾಶದ ಕೆಂಪು ದೈತ್ಯ ನಕ್ಷತ್ರಗಳೇ ಫಲಕದ ಅಂಚಿನಲ್ಲಿ ಅಷ್ಟಿಷ್ಟು ಕಾಣುತ್ತಿದ್ದವು. ಹಾಗಾದರೆ ಸೆಫೀಡ್‌ಗಳ ಪ್ರಕಾಶವನ್ನೇ ನಾಲ್ಕು ಪಟ್ಟು ಕಡಿಮೆ ಅಂದಾಜು ಮಾಡಲಾಗಿತ್ತು. ದೇವಯಾನಿ ಎರಡು ಪಟ್ಟು ದೂರದಲ್ಲಿತ್ತು.

1952ರಲ್ಲಿ ರೋಮ್ ಸಮ್ಮೇಳನದಲ್ಲಿ ಬಾಡೆ ಇದನ್ನು ಹೇಳಿದಾಗ, ದಕ್ಷಿಣ ಆಫ್ರಿಕದ ಪ್ರಿಟೋರಿಯಾದಿಂದ ಬಂದಿದ್ದ ಥ್ಯಾಕರೆ ಎದ್ದುನಿಂತರು. ಕಿರಿಯ ಮೆಗೆಲನ್ ಮೋಡದಲ್ಲಿ ತಮಗೆ ಸಿಕ್ಕ ಆರ್‌ಆರ್ ಲೈರೆಗಳೂ ನಿರೀಕ್ಷೆಗಿಂತ ಮಂದವಾಗಿವೆ ಎಂದರು. ಒಬ್ಬರಿಗೆ ಕಾಣದ್ದು, ಇನ್ನೊಬ್ಬರಿಗೆ ಕಂಡದ್ದು, ಎರಡೂ ಒಂದೇ ಮಾತನ್ನು ಹೇಳಿದವು. ವಿಶ್ವದ ವಯಸ್ಸೂ ಇಮ್ಮಡಿಯಾಯಿತು.

ಬಾಡೆ 1960ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ತೀರಿಕೊಂಡರು. ದೇವಯಾನಿಯ ಸುಮಾರು 30 ಆರ್‌ಆರ್ ಲೈರೆಗಳನ್ನು ಪ್ರಿಚೆಟ್ ಮತ್ತು ವಾನ್ ಡೆನ್ ಬರ್ಗ್ ಹವಾಯಿಯ ದೂರದರ್ಶಕದ ಮೂಲಕ ಪತ್ತೆಮಾಡಿ ವರದಿ ಮಾಡಿದ್ದು 1987ರಲ್ಲಿ. ಹಬಲ್ ಬಾಹ್ಯಾಕಾಶ ದೂರದರ್ಶಕ 2004ರಲ್ಲಿ ಇನ್ನೂ 55ನ್ನು ತೋರಿಸಿತು. ದೇವಯಾನಿ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದೆ ಎಂಬುದು ಇಂದಿನ ಲೆಕ್ಕ. ಬಾಡೆಯವರ ಫಲಕದಲ್ಲಿ ಕಾಣದೆಹೋದ ನಕ್ಷತ್ರಗಳು ಅಲ್ಲೇ ಇದ್ದವು, ಅವರು ಊಹಿಸಿದಂತೆ ಇನ್ನಷ್ಟು ದೂರದಲ್ಲಿ.