ಹಾಸು ರೇಷ್ಮೆ, ಹೊಕ್ಕು ಉಣ್ಣೆ

ನಮ್ಮೂರ ಸಂತೆಯಲ್ಲಿ ಪಾಪ್ಲಿನ್ ಅಂದ್ರೆ ಅಗ್ಗದ ಬಟ್ಟೆ. ಅಮ್ಮನ ಲಂಗಕ್ಕೂ ಅದೇ, ನನ್ನ ಸ್ಕೂಲ್ ಅಂಗಿಗೂ ಅದೇ. ಮೊನ್ನೆ ಬೆಂಗಳೂರಿನ ಮಾಲ್‌ನಲ್ಲಿ ದುಬಾರಿ ಆಫೀಸ್ ಶರ್ಟ್ ಒಂದರ ಲೇಬಲ್ ಮೇಲೂ ಆ ಹೆಸರು ಕಂಡಿತು: ಪಾಪ್ಲಿನ್, ನೂರಕ್ಕೆ ನೂರು ಕಾಟನ್. ಕುತೂಹಲಕ್ಕೆ ಇತಿಹಾಸ ಕೆದಕಿದೆ. ಹಳೇ ಪಾಪ್ಲಿನ್‌ನಲ್ಲಿ ಹತ್ತಿಯೇ ಇರಲಿಲ್ಲ! ಅದು ರೇಷ್ಮೆ ಮತ್ತು ಉಣ್ಣೆ ಕೂಡಿಸಿ ನೇಯ್ದ ಬಟ್ಟೆ.

1685ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿ, ಪ್ರಾಟೆಸ್ಟೆಂಟರಿಗೆ ರಕ್ಷಣೆ ಕೊಟ್ಟಿದ್ದ ನ್ಯಾಂಟ್ ಶಾಸನವನ್ನು ರದ್ದು ಮಾಡಿದ. ಹ್ಯೂಗನೋ ಎಂದು ಕರೆಸಿಕೊಳ್ಳುತ್ತಿದ್ದ ಆ ಜನ ಲಕ್ಷಗಟ್ಟಲೆ ದೇಶ ಬಿಟ್ಟರು. ಅವರಲ್ಲಿ ಒಳ್ಳೊಳ್ಳೆ ನೇಕಾರರಿದ್ದರು. ಕೆಲವರು ಐರ್ಲೆಂಡಿನ ಡಬ್ಲಿನ್ ಸೇರಿದರು. ಅಲ್ಲಿನ ಲಿಬರ್ಟೀಸ್ ಎಂಬ ನೇಕಾರರ ಬಡಾವಣೆಯಲ್ಲಿ ‘ಐರಿಶ್ ಪಾಪ್ಲಿನ್’ ಹೆಸರು ಮಾಡಿತು.

ಇದರ ಗುಟ್ಟು ಮಗ್ಗದಲ್ಲಿದೆ. ಹಾಸಿಗೆ ನವಿರಾದ ರೇಷ್ಮೆ ಎಳೆ, ಒತ್ತೊತ್ತಾಗಿ. ಹೊಕ್ಕಿಗೆ ಅದಕ್ಕಿಂತ ದಪ್ಪನೆಯ ಉಣ್ಣೆ ನೂಲು. ರೇಷ್ಮೆ ಎಷ್ಟು ದಟ್ಟವಾಗಿ ಕೂರುತ್ತದೆ ಅಂದ್ರೆ ಎರಡೂ ಮಗ್ಗುಲಲ್ಲಿ ಉಣ್ಣೆ ಮುಚ್ಚಿಹೋಗುತ್ತದೆ. ಮುಟ್ಟಿದರೆ ರೇಷ್ಮೆ, ಚುಚ್ಚುವುದಿಲ್ಲ. ಆದರೆ ಬಟ್ಟೆಗೆ ಮೈ ಕೊಡೋದು, ಮುದುಡಿದರೂ ಮತ್ತೆ ನೆಟ್ಟಗಾಗಿಸೋದು ಒಳಗಿನ ಉಣ್ಣೆ. ಅದು ತನ್ನ ತೂಕದ ಶೇ. 30ರಷ್ಟು ತೇವ ಹೀರಿದರೂ ಒದ್ದೆ ಅನ್ನಿಸುವುದಿಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ರೇಷ್ಮೆ ಫ್ರಂಟ್ ಎಂಡ್, ಉಣ್ಣೆ ಬ್ಯಾಕ್ ಎಂಡ್. ಡೆಮೋದಲ್ಲಿ ಚಪ್ಪಾಳೆ ಯಾರಿಗೆ ಅಂತ ನಿಮಗೆ ಗೊತ್ತೇ ಇದೆ.

1801ರಲ್ಲಿ ಐರ್ಲೆಂಡ್ ಬ್ರಿಟನ್ ಜೊತೆ ಒಂದಾಯಿತು. ಡಬ್ಲಿನ್ ರೇಷ್ಮೆಗಿದ್ದ ಸುಂಕದ ರಕ್ಷಣೆ 1820ರ ದಶಕದಲ್ಲಿ ಹೋಯಿತು. ಇಂಗ್ಲೆಂಡಿನ ಅಗ್ಗದ ಮಾಲಿನ ಮುಂದೆ ಮಗ್ಗಗಳು ಒಂದೊಂದಾಗಿ ನಿಂತವು. ಪಾಪ್ಲಿನ್ ಉಳಿದವಕ್ಕಿಂತ ಹೆಚ್ಚು ಕಾಲ ತಡೆದುಕೊಂಡಿತು, ಅಷ್ಟೆ. ಆಮೇಲೆ ಹತ್ತಿ ಗಿರಣಿಗಳು ಅದೇ ನಮೂನೆಯ ನೇಯ್ಗೆಗೆ ಅದೇ ಹೆಸರಿಟ್ಟವು. ಹೆಸರು ನಮ್ಮೂರ ಸಂತೆಯವರೆಗೂ ಬಂತು. ರೇಷ್ಮೆ, ಉಣ್ಣೆ ಎರಡೂ ಬರಲಿಲ್ಲ. ಹಳೇ ಬಗೆಯದ್ದು ಈಗ ಹೆಚ್ಚಾಗಿ ಟೈಗಳಲ್ಲಿ ಮಾತ್ರ ಸಿಗುತ್ತದೆ.

ಇದನ್ನೆಲ್ಲ ಓದುವಾಗ ನೆನಪಾಗಿದ್ದು ಅಪ್ಪನ ಕರಿ ಕಂಬಳಿ. ಜಡಿಮಳೆಯಲ್ಲಿ ಅದನ್ನೇ ಕೊಪ್ಪೆ ಹಾಕಿಕೊಂಡು ಗದ್ದೆಗೆ ಹೋಗ್ತಿದ್ರು. ಮೇಲೆಲ್ಲ ನೆಂದರೂ ಒಳಗೆ ಬೆಚ್ಚಗೆ. ನಾನು ಬಿಇ ಸೇರಿದಾಗ ಒಂದು ಹೊಸ ಕಂಬಳಿ ಕೊಟ್ಟು ಕಳಿಸಿದ್ರು. ಹಾಸ್ಟೆಲ್‌ನಲ್ಲಿ ಎಲ್ಲರ ಹತ್ರ ನುಣುಪಾದ ರಗ್ಗು. ನಾಚಿಕೆಯಾಗಿ ನಾಲ್ಕು ವರ್ಷ ಅದನ್ನು ಟ್ರಂಕಿನ ತಳದಿಂದ ತೆಗೆಯಲೇ ಇಲ್ಲ.

ಕಳೆದ ಸಲ ಊರಿಗೆ ಹೋದಾಗ ಕೇಳಿದೆ, “ಅಪ್ಪಾ, ಆ ಕಂಬಳಿ ಎಲ್ಲಿದೆ?”

“ನುಸಿ ಹಿಡಿದಿತ್ತು ಕಣೋ. ನೀನಂತೂ ಹೊದೀಲಿಲ್ಲ, ಕರುಗೆ ಹಾಸಿಬಿಟ್ಟೆ.”