ಕರ್ಪೂರದ ಎಣ್ಣೆ

ಕರ್ಪೂರದ ಎಣ್ಣೆ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ವಸ್ತುಗಳು ಬಳಕೆಯಲ್ಲಿವೆ. ಮೊದಲನೆಯದು ಕರ್ಪೂರದ ಮರದ ಕಟ್ಟಿಗೆಯಿಂದ ಭಟ್ಟಿ ಇಳಿಸಿದ ಸುಗಂಧ ತೈಲ. ಎರಡನೆಯದು ವೈದ್ಯರು ನೋವಿಗೆ ತಿಕ್ಕಲು ಕೊಡುವ ಕರ್ಪೂರಾದಿ ತೈಲದಂಥ ಮದ್ದು. ಮೂರನೆಯದು ಕೊಬ್ಬರಿ ಎಣ್ಣೆಗೆ ಕರ್ಪೂರದ ಬಿಲ್ಲೆ ಹಾಕಿ ಮನೆಯಲ್ಲೇ ಮಾಡಿಕೊಳ್ಳುವುದು. ಕೊಪ್ಪಳ ತಾಲ್ಲೂಕಿನ ಅಳವಂಡಿ ಸೀಮೆಯಲ್ಲಿ, ಉತ್ತರ ಕರ್ನಾಟಕದ ಬೇರೆ ಊರುಗಳಂತೆಯೇ, ಜನರ ಬಾಯಲ್ಲಿರುವುದು ಹೆಚ್ಚಾಗಿ ಈ ಮೂರನೆಯದು. ಹೆಸರು ಒಂದೇ ಆಯಿತೆಂದು ಒಂದರ ಬದಲಿಗೆ ಇನ್ನೊಂದನ್ನು ಬಳಸುವಂತಿಲ್ಲ. ಬಳಸಿದರೆ ಜೀವಕ್ಕೇ ಕುತ್ತು ಬಂದೀತು.

ಕರ್ಪೂರ ಈ ನೆಲದ ಬೆಳೆಯಲ್ಲ. ಭಾರತಕ್ಕೆ ಮೊದಲು ಬಂದ ಕರ್ಪೂರ ಸುಮಾತ್ರಾ ಮತ್ತು ಬೋರ್ನಿಯೊ ಕಾಡುಗಳ ಡ್ರಯೋಬಲನಾಪ್ಸ್ ಎಂಬ ಹೆಮ್ಮರದ್ದು. ಆ ಮರದ ಕಾಂಡದ ಸೀಳುಗಳಲ್ಲಿ ಹರಳು ಕಟ್ಟಿಕೊಂಡಿರುತ್ತದೆ. ಎಳೆಯ ಮರಕ್ಕೆ ಕಚ್ಚು ಹಾಕಿದರೆ ಹರಳಿನ ಬದಲು ಎಣ್ಣೆಯೇ ಒಸರುತ್ತದೆ. ಪಚ್ಚಕರ್ಪೂರ ಎಂದು ಹೆಸರಾದದ್ದು ಮೂಲದಲ್ಲಿ ಈ ಜಾತಿಯದು. ಚರಕ ಸಂಹಿತೆ ಬಾಯಿ ಶುದ್ಧಿಗೆ ಲವಂಗ, ಏಲಕ್ಕಿ, ವೀಳ್ಯದೆಲೆಗಳ ಜೊತೆ ಹೇಳುವುದು ಕರ್ಪೂರದ ನಿರ್ಯಾಸವನ್ನು, ಅಂದರೆ ಮರದ ಒಸರನ್ನು.

ಈ ಸರಕನ್ನು ಕನ್ನಡ ನಾಡಿಗೆ ತಂದವರ ನೆಲೆ ಅಳವಂಡಿಗೆ ಬಹಳ ದೂರದ್ದಲ್ಲ. ಕೊಪ್ಪಳಕ್ಕೆ ಒತ್ತಿಕೊಂಡಿರುವ ಬಾಗಲಕೋಟೆ ಜಿಲ್ಲೆಯ ಐಹೊಳೆಯಿಂದ ಹೆಸರು ಪಡೆದ ಅಯ್ಯಾವೊಳೆ ಐನೂರ್ವರು ಸಮುದ್ರ ದಾಟಿ ವ್ಯಾಪಾರ ಮಾಡಿದ ವರ್ತಕ ಸಂಘ. ಸುಮಾತ್ರಾದ ಪಶ್ಚಿಮ ಕರಾವಳಿಯ ಬಾರೂಸ್ ಆ ಕಾಲಕ್ಕೆ ಕರ್ಪೂರದ ದೊಡ್ಡ ಬಂದರು. ಅಲ್ಲಿನ ಲೋಬು ತುವಾ ಎಂಬಲ್ಲಿ ಇದೇ ಐನೂರ್ವರ ಸಂಘದ ತಮಿಳು ಶಾಸನವೊಂದು ಸಿಕ್ಕಿದೆ. ಅದರ ಕಾಲ ಶಕ 1010, ಅಂದರೆ ಕ್ರಿ.ಶ. 1088. ಶಿಕಾರಿಪುರ ಭಾಗದ ಕನ್ನಡ ಶಾಸನವೊಂದರಲ್ಲೂ ಈ ವರ್ತಕರ ಸರಕುಗಳ ಉದ್ದನೆಯ ಪಟ್ಟಿಯಿದ್ದು, ಗಂಧ, ಕಸ್ತೂರಿ, ಕೇಸರಿಗಳ ಸಾಲಿನಲ್ಲಿ ಕರ್ಪೂರ ನಿಂತಿದೆ. ಐಹೊಳೆಯ ಹೆಸರು ಹೊತ್ತವರು ಸುಮಾತ್ರಾದ ಕಡಲ ದಂಡೆಯಲ್ಲಿ ಕಲ್ಲು ನೆಟ್ಟಿದ್ದಾರೆಂಬುದು ಈ ಭಾಗದ ಶಾಲೆಯ ಮಕ್ಕಳಿಗೆ ತಿಳಿದಿರಬೇಕಾದ ಸಂಗತಿ.

ಆಗ ಕರ್ಪೂರ ಬಡವರ ಕೈಗೆ ಎಟುಕುತ್ತಿರಲಿಲ್ಲ. ಈ ಸೀಮೆಯನ್ನೂ ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅದನ್ನು ಸೇರಿಸಿರುವುದು ಅರಸರ ತಾಂಬೂಲದ ಭೋಗದೊಳಗೆ. 1443ರಲ್ಲಿ ವಿಜಯನಗರಕ್ಕೆ ಬಂದ ಪಾರಸಿ ರಾಯಭಾರಿ ಅಬ್ದುಲ್ ರಜಾಕನಿಗೆ ಎರಡನೆಯ ದೇವರಾಯನ ದರ್ಬಾರಿನಲ್ಲಿ ವೀಳ್ಯ, 500 ಪಣಗಳ ಚೀಲ ಮತ್ತು 20 ಮಿಸ್ಕಾಲ್ ಕರ್ಪೂರ ಸಂದಿತ್ತು. ತೂಕದಲ್ಲಿ ಅದು 100 ಗ್ರಾಮಿಗೂ ಕಡಿಮೆ. ಅಷ್ಟನ್ನೇ ಅರಸ ಉಡುಗೊರೆಯಾಗಿ ಕೊಡುವಷ್ಟು ಅದಕ್ಕೆ ಬೆಲೆಯಿತ್ತು. ಇಂದು ಕೊಪ್ಪಳ ಜಿಲ್ಲೆಯ ಆನೆಗೊಂದಿಯಲ್ಲಾಗಲಿ ಹುಲಿಗಿಯಲ್ಲಾಗಲಿ ಹಣ್ಣುಕಾಯಿ ಮಾರುವವರು ಅದನ್ನು ಕೆಲವೇ ರೂಪಾಯಿಗೆ ಕಾಯಿಯ ಜೊತೆ ಕಟ್ಟಿಕೊಡುತ್ತಾರೆ.

ಈ ಅಗ್ಗಕ್ಕೆ ಕಾರಣ ಎರಡನೆಯ ಮರ, ಆಮೇಲೆ ರಸಾಯನಶಾಸ್ತ್ರ. ಚೀನಾ, ತೈವಾನ್, ಜಪಾನಿನ ಸಿನ್ನಮೋಮಮ್ ಕ್ಯಾಂಫೊರಾ ದಾಲ್ಚಿನ್ನಿಯ ಬಳಗದ ಮರ. ಇದರ ಕಟ್ಟಿಗೆಯನ್ನು ಚಕ್ಕೆ ಮಾಡಿ ಹಬೆ ಹಾಯಿಸುತ್ತಾರೆ. ಹಬೆ ತಣಿದಾಗ ಕರ್ಪೂರ ಹರಳಾಗಿ ಕೂರುತ್ತದೆ. ಹಿಂಡಿ ತೆಗೆದ ಮೇಲೆ ಉಳಿಯುವ ದ್ರವವೇ ನಿಜವಾದ ಕರ್ಪೂರದ ಎಣ್ಣೆ. ಅದನ್ನು ಮತ್ತೆ ಭಟ್ಟಿ ಇಳಿಸಿ ಬಿಳಿ, ಹಳದಿ, ಕಂದು, ನೀಲಿ ಎಂದು ಬೇರ್ಪಡಿಸುತ್ತಾರೆ. ಹಗುರವಾದ ಬಿಳಿ ಎಣ್ಣೆ ಸಾಬೂನು, ತಿಕ್ಕುವ ಮದ್ದು, ಸುಗಂಧಗಳಿಗೆ ಹೋಗುತ್ತದೆ. ಹಳದಿ ಮತ್ತು ಕಂದು ಎಣ್ಣೆಗಳಲ್ಲಿ ಸಫ್ರೋಲ್ ಎಂಬ, ಕ್ಯಾನ್ಸರಿಗೆ ದಾರಿಮಾಡುವ ಅಂಶ ಇರುವುದರಿಂದ ಅವನ್ನು ಮೈಗೆ ಹಚ್ಚಿಕೊಳ್ಳಲೇಬಾರದು.

1870ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಪ್ಲಾಸ್ಟಿಕ್ ಆದ ಸೆಲ್ಯುಲಾಯ್ಡ್‌ಗೆ ಕರ್ಪೂರ ಬೇಕೇ ಬೇಕಾಗಿತ್ತು. ಬಾಚಣಿಕೆಯಿಂದ ಸಿನಿಮಾ ರೀಲಿನವರೆಗೆ ಬೇಡಿಕೆ ಏರಿತು. ತೈವಾನನ್ನು ಹಿಡಿದಿದ್ದ ಜಪಾನ್ 1899ರಲ್ಲಿ ಅಲ್ಲಿನ ಕರ್ಪೂರವನ್ನು ಸರ್ಕಾರದ ಏಕಸ್ವಾಮ್ಯ ಮಾಡಿಕೊಂಡಿತು. 1903ರಲ್ಲಿ ಫಿನ್ಲೆಂಡಿನ ಗುಸ್ತಾಫ್ ಕೊಂಪ್ಪ ಪ್ರಯೋಗಾಲಯದಲ್ಲಿ ಕರ್ಪೂರ ತಯಾರಿಸಿ ತೋರಿಸಿದ. ಮುಂದೆ ಪೈನ್ ಮರದ ಟರ್ಪೆಂಟೈನಿನಿಂದ ಅದನ್ನು ಕಾರ್ಖಾನೆಗಳಲ್ಲಿ ಮಾಡುವುದು ರೂಢಿಯಾಯಿತು. ಇಂದು ನಮ್ಮ ಆರತಿ ತಟ್ಟೆಯ ಬಿಲ್ಲೆ ಬಹುಪಾಲು ಇದೇ ಬಗೆಯದು. ಅದು ಉರಿಸಲೆಂದು ಮಾಡಿದ್ದೇ ಹೊರತು ಔಷಧದ ದರ್ಜೆಯದಲ್ಲ ಎಂಬುದನ್ನು ಮನೆಮದ್ದು ಮಾಡುವವರು ಮರೆಯುತ್ತಾರೆ.

ಮನೆಯ ಎಣ್ಣೆ ಮಾಡುವ ಕ್ರಮ ಸರಳ. ಸೌಟಿನಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಒಲೆಯಿಂದ ಇಳಿಸಬೇಕು. ಬಿಲ್ಲೆಯನ್ನು ಬೆರಳಲ್ಲಿ ಹಿಸುಕಿ ಉದುರಿಸಿದರೆ ಅಂಚಿನಿಂದ ಕರಗುತ್ತ ಹೋಗುತ್ತದೆ. ಎಣ್ಣೆ ತಿಳಿಯಾಗಿಯೇ ಉಳಿಯುತ್ತದೆ, ಘಾಟು ಮಾತ್ರ ಕಣ್ಣಿಗೆ ಹೊಡೆಯುತ್ತದೆ. ಉರಿಯ ಮೇಲಿದ್ದಾಗಲೇ ಹಾಕಿದರೆ ಅದರ ಆವಿಗೆ ಬೆಂಕಿ ಹತ್ತುವ ಅಪಾಯವಿದೆ. ಇದೇ ಕರ್ಪೂರವನ್ನು ನೀರಿಗೆ ಹಾಕಿದರೆ ಹೆಚ್ಚುಕಡಿಮೆ ಕರಗುವುದೇ ಇಲ್ಲ. ಡಬ್ಬಿಯಲ್ಲಿಟ್ಟ ಕರ್ಪೂರ ಸವೆಯದಿರಲೆಂದು ನಾಲ್ಕು ಮೆಣಸಿನ ಕಾಳು ಹಾಕುವ ವಾಡಿಕೆಯಿದೆ, ಆದರೆ ಅದನ್ನು ಉಳಿಸುವುದು ಬಿಗಿಯಾದ ಮುಚ್ಚಳ.

ಅಮೃತಧಾರೆ ಎಂಬ ಮದ್ದು ಈ ಎಣ್ಣೆಯ ಹತ್ತಿರದ ಸಂಬಂಧಿ. ಕರ್ಪೂರ, ಪುದೀನ ಸತ್ವ, ಓಮದ ಸತ್ವ ಮೂರೂ ಒಣ ಹರಳುಗಳೇ. ಒಂದು ಸೀಸೆಗೆ ಹಾಕಿ ಅಲುಗಿಸಿದರೆ ಹನಿ ನೀರು ಸೇರದೆಯೂ ಅವು ದ್ರವವಾಗುತ್ತವೆ. ಒಂದು ಇನ್ನೊಂದರ ಕರಗುವ ಉಷ್ಣತೆಯನ್ನು ಇಳಿಸುವುದೇ ಇದಕ್ಕೆ ಕಾರಣ. ಕಾಶೀನಾಥುನಿ ನಾಗೇಶ್ವರ ರಾವ್ 1893ರಲ್ಲಿ ಆರಂಭಿಸಿದ ಅಮೃತಾಂಜನ ಎಂಬ ನೋವಿನ ಮುಲಾಮಿನಲ್ಲೂ ಕರ್ಪೂರವಿದೆ.

ಕರ್ಪೂರದ ಎಣ್ಣೆ ಮಾಡುವುದೇನು? ಚರ್ಮದಲ್ಲಿ ಬಿಸಿ ಮತ್ತು ತಂಪನ್ನು ಅರಿಯುವ ಎರಡೂ ಬಗೆಯ ನರಗಳನ್ನು ಕೆರಳಿಸುತ್ತದೆ. ಅದರಿಂದ ಮಂಡಿ, ಸೊಂಟದ ನೋವು ಸ್ವಲ್ಪ ಹೊತ್ತು ಮರೆಗೆ ಸರಿಯುತ್ತದೆ, ತುರಿಕೆ ತಗ್ಗುತ್ತದೆ. ನೆಗಡಿಯಲ್ಲಿ ಮೂಗು ಬಿಟ್ಟಂತೆ ಅನಿಸುತ್ತದೆ. ಒಳಗಿನ ಊತ ಮಾತ್ರ ಇಳಿದಿರುವುದಿಲ್ಲ. ದೊಡ್ಡವರಿಗೆ, ಗಾಯವಿಲ್ಲದ ಚರ್ಮಕ್ಕೆ, ತೆಳುವಾಗಿ ಹಚ್ಚಿದರೆ ಇದು ಒಳ್ಳೆಯ ಮದ್ದೇ.

ಕೂಸುಗಳ ವಿಷಯದಲ್ಲಿ ಹಾಗಲ್ಲ. ನೂರಕ್ಕೆ 20ರಷ್ಟು ಕರ್ಪೂರವಿದ್ದ ಎಣ್ಣೆಯನ್ನು ಹರಳೆಣ್ಣೆಯೆಂದು ತಪ್ಪಿ ಕುಡಿಸಿ ಮಕ್ಕಳು ಸತ್ತ ಮೇಲೆ ಅಮೆರಿಕ ಅಂಥ ಎಣ್ಣೆಯ ಮಾರಾಟವನ್ನೇ 1982ರಲ್ಲಿ ನಿಲ್ಲಿಸಿತು. ಹಚ್ಚುವ ಮದ್ದಿನಲ್ಲೂ ಶೇ. 11ಕ್ಕಿಂತ ಹೆಚ್ಚು ಕರ್ಪೂರಕ್ಕೆ ಅಲ್ಲಿ ಅವಕಾಶವಿಲ್ಲ. ಒಂದು ಗ್ರಾಂ ಕರ್ಪೂರ ಹೊಟ್ಟೆಗೆ ಹೋದರೂ ಎಳೆಯ ಮಗುವಿನ ಜೀವ ಹೋಗಬಹುದು. ಎರಡು ವರ್ಷದೊಳಗಿನ ಮಕ್ಕಳ ಎದೆಗೆ, ಮೂಗಿಗೆ ಇದನ್ನು ಹಚ್ಚಬಾರದು. ಬಸುರಿಯರಲ್ಲಿ ಕರ್ಪೂರ ಮಾಸನ್ನು ದಾಟಿ ಭ್ರೂಣವನ್ನು ಮುಟ್ಟುತ್ತದೆ. ಮಗು ನುಂಗಿಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದಾದ್ದರಿಂದ ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಬಾರದು. ಇದಕ್ಕೆ ಪ್ರತಿವಿಷವಿಲ್ಲ, ಫಿಟ್ಸ್ ತಡೆದು ಉಸಿರು ಕಾಯುವುದೇ ಚಿಕಿತ್ಸೆ. ಅಳವಂಡಿಯಿಂದಾದರೆ ಕೂಡಲೇ ಕೊಪ್ಪಳದ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಬೇಕು, ಎಣ್ಣೆಯ ಸೀಸೆಯನ್ನೂ ಜೊತೆಗೆ ಒಯ್ದು ಡಾಕ್ಟರಿಗೆ ತೋರಿಸಬೇಕು.