ಮೊದಲು ಬಂದವರ ಹಕ್ಕು: ಸದ್ದಿನ ತಕರಾರಿನ ಕುರಿತು ಒಂದು ಟಿಪ್ಪಣಿ

ಹಳೆಯ ಕಾರ್ಖಾನೆಯ ಪಕ್ಕದಲ್ಲಿ ಹೊಸ ಬಡಾವಣೆ ಎದ್ದು, ಅಲ್ಲಿಗೆ ಬಂದವರು ಸದ್ದಿನ ಬಗ್ಗೆ ದೂರಿದಾಗ ಸಾಮಾನ್ಯವಾಗಿ ಸಿಗುವ ಉತ್ತರ: “ನಾವು ಮೊದಲಿನಿಂದಲೂ ಇಲ್ಲೇ ಇದ್ದೇವೆ, ಗೊತ್ತಿದ್ದೂ ಮನೆ ಕಟ್ಟಿದವರು ನೀವು.” ಕೇಳಲು ನ್ಯಾಯವೆನಿಸುವ ಈ ವಾದ ಕಾನೂನಿನ ಮುಂದೆ ನಿಲ್ಲುವುದು ಕಷ್ಟ.

ಇದಕ್ಕೆ ಆಧಾರ 1879ರ ‘ಸ್ಟರ್ಜಸ್ ವಿರುದ್ಧ ಬ್ರಿಡ್ಜ್‌ಮನ್’ ಮೊಕದ್ದಮೆ. ಲಂಡನ್ನಿನ ಮಿಠಾಯಿಗಾರನೊಬ್ಬ 20 ವರ್ಷಕ್ಕೂ ಮಿಗಿಲಾಗಿ ದೊಡ್ಡ ಒರಳುಗಳಲ್ಲಿ ಕುಟ್ಟುತ್ತಿದ್ದ. ನೆರೆಯ ವೈದ್ಯ ತನ್ನ ಹಿತ್ತಿಲ ಕೊನೆಯಲ್ಲಿ, ಮಿಠಾಯಿಗಾರನ ಅಡುಗೆಮನೆಯ ಗೋಡೆಗೆ ತಾಗಿದಂತೆ, ರೋಗಿಗಳನ್ನು ನೋಡುವ ಕೊಠಡಿ ಕಟ್ಟಿಸಿದ ಮೇಲೆಯೇ ತಕರಾರು ಹುಟ್ಟಿದ್ದು. ಗೆದ್ದವನು ವೈದ್ಯ. ಕೊಠಡಿ ಕಟ್ಟುವ ಮೊದಲು ಸದ್ದಿನಿಂದ ವೈದ್ಯನಿಗೆ ತೊಂದರೆಯಿರಲಿಲ್ಲ. ದಾವೆ ಹೂಡಲು ಕಾರಣವೇ ಇಲ್ಲದ ವರ್ಷಗಳು ದೀರ್ಘ ರೂಢಿಯಿಂದ ಬರುವ ಹಕ್ಕಿನ ಲೆಕ್ಕಕ್ಕೆ ಸೇರುವುದಿಲ್ಲ ಎಂದಿತು ನ್ಯಾಯಾಲಯ.

ಭಾರತದ 2000ದ ಶಬ್ದ ಮಾಲಿನ್ಯ ನಿಯಮಗಳೂ ಯಾರು ಮೊದಲು ಬಂದರೆಂದು ಕೇಳುವುದಿಲ್ಲ. ಪ್ರದೇಶ ಯಾವ ವರ್ಗದ್ದೆಂದು ಮಾತ್ರ ನೋಡುತ್ತವೆ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಮಿತಿಗಿಂತ 10 ಡೆಸಿಬಲ್ ಅಥವಾ ಹೆಚ್ಚು ಮೀರಿದರೆ ದೂರು ಕೊಡಬಹುದು. ಶಿಡ್ಲಘಟ್ಟದಂತಹ ರೇಷ್ಮೆ ಊರಿನಲ್ಲಿ ಇದು ಕೇವಲ ತಾತ್ವಿಕ ಪ್ರಶ್ನೆಯಲ್ಲ. ಮನೆಗಳ ನಡುವೆಯೇ ನೂಲು ಬಿಚ್ಚುವ ಘಟಕಗಳಿರುವ ಬೀದಿಯನ್ನು ‘ವಸತಿ’ ಎಂದು ಗುರುತಿಸಿದರೆ, ರೀಲರ್ ಕುಟುಂಬದ ಹಿರಿತನಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ಗೌರಿಬಿದನೂರಿನಲ್ಲಿ ಪ್ರಶ್ನೆ ತಿರುವುಮುರುವಾಗುತ್ತದೆ. ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಸ್ಥಾಪಿಸಿದ ಭೂಕಂಪನ ಕೇಂದ್ರದ ಮಾಪಕಗಳು ಎಲ್ ಆಕಾರದಲ್ಲಿ ಹಲವು ಕಿಲೋಮೀಟರ್ ಹರಡಿಕೊಂಡಿವೆ. ದೂರದೇಶದ ಅಣುಸ್ಫೋಟದ ಕ್ಷೀಣ ಕಂಪನವನ್ನು ಹಿಡಿಯಬೇಕಾದ ಇಂಥ ಮಾಪಕಕ್ಕೆ ಹತ್ತಿರದ ಲಾರಿ, ಪಂಪ್‌ಸೆಟ್, ಕ್ವಾರಿಯ ಸಿಡಿತ ಎಲ್ಲವೂ ಗದ್ದಲವೇ. ಇಲ್ಲಿ ಮೊದಲು ಬಂದವರಿಗೆ ಬೇಕಾದದ್ದು ನಿಶ್ಶಬ್ದ. ಆದರೆ ನಿಯಮದ ಡೆಸಿಬಲ್ ಮನುಷ್ಯನ ಕಿವಿಗೆ ಹೊಂದಿಸಿದ ಅಳತೆ. ನೆಲದ ನಡುಕ ಅದರ ವ್ಯಾಪ್ತಿಗೇ ಬರುವುದಿಲ್ಲ.

ಹಾಗಾಗಿ ಸದ್ದು ಮಾಡುವವರಾಗಲಿ, ಸದ್ದು ಬೇಡವೆನ್ನುವವರಾಗಲಿ, ಹಿರಿತನವೊಂದನ್ನೇ ನಂಬಿ ಕೂರುವಂತಿಲ್ಲ. ಇಂಗ್ಲೆಂಡ್ 2018ರಲ್ಲಿ ತನ್ನ ಯೋಜನಾ ನೀತಿ ತಿದ್ದಿ, ಹಳೆಯ ಸದ್ದಿನಿಂದ ಹೊಸ ನಿವಾಸಿಗಳನ್ನು ಕಾಪಾಡುವ ಹೊಣೆಯನ್ನು ಹೊಸದಾಗಿ ಕಟ್ಟುವವರ ಮೇಲೆಯೇ ಹೊರಿಸಿತು. ನಮ್ಮಲ್ಲೂ ಬಡಾವಣೆಯ ನಕ್ಷೆಗೆ ಮಂಜೂರಾತಿ ಕೊಡುವಾಗಲೇ ಸುತ್ತಲಿನ ಹಳೆಯ ಘಟಕಗಳನ್ನು ದಾಖಲಿಸಿ, ಅಂತರ ಮತ್ತು ಗೋಡೆಯ ಷರತ್ತು ವಿಧಿಸಿದರೆ ಮಾತ್ರ ಹಿರಿತನಕ್ಕೆ ಬೆಲೆ ಬಂದೀತು.